ತಪ್ಪು ಹರಟೆಯದಲ್ಲ

ಫೋನಿನಲ್ಲಿ, ಕಂಪ್ಯೂಟರಿನಲ್ಲಿ ದಿನವಿಡೀ ನಡೆಯುವ ಮಾತುಕತೆಯ ಬಗ್ಗೆ ನಮ್ಮಲ್ಲಿ ಒಂದು ತೀರ್ಪು ಯಾವತ್ತೋ ಆಗಿಹೋಗಿದೆ: ಅದೆಲ್ಲ ಬರೀ ಹರಟೆ. ಹೊಸ ಮೊಬೈಲಿನ ಕ್ಯಾಮೆರಾ ಹೇಗಿದೆ, ಅಪ್‌ಡೇಟ್ ಆದ ಮೇಲೆ ಗೇಮ್ ಯಾಕೆ ಹ್ಯಾಂಗ್ ಆಗುತ್ತಿದೆ, ಕೊನೆಯ ಓವರನ್ನು ಅವನಿಗೇ ಯಾಕೆ ಕೊಟ್ಟರು, ಸಿಲ್ಕ್ ಬೋರ್ಡ್ ಹತ್ತಿರ ಈಗ ಟ್ರಾಫಿಕ್ ಎಷ್ಟಿದೆ, ಟೊಮೆಟೊ ಯಾವ ರೇಟಿಗೆ ಬಂತು ಎಂದೆಲ್ಲ, ಮುಖಪರಿಚಯವೂ ಸರಿಯಾಗಿ ಇಲ್ಲದವರು ಆಡುವ ಮಾತು. ಈ ತೀರ್ಪನ್ನು ಎರಡು ಬಗೆಯ ಜನ ಎರಡು ಕೆಲಸಕ್ಕೆ ಬಳಸುತ್ತಾರೆ. ಇಂಥ ಮಾತಿನಿಂದ ಏನೂ ಹುಟ್ಟುವುದಿಲ್ಲ, ಅದರಲ್ಲಿ ಕಳೆದ ಹೊತ್ತೆಲ್ಲ ದಂಡ ಎಂದು ಒಬ್ಬರು ತಳ್ಳಿಹಾಕುತ್ತಾರೆ. ತಾವು ಹಬ್ಬಿಸಿದ ಮಾತು ಯಾರಿಗೋ ಏಟು ಕೊಟ್ಟಾಗ, ‘ಸುಮ್ಮನೆ ಹರಟೆಗೆ ಹಾಕಿದ್ದು, ಇಷ್ಟು ಸೀರಿಯಸ್ಸಾಗಿ ತಗೊಂಡರೆ ಹೇಗೆ?’ ಎಂದು ಇನ್ನೊಬ್ಬರು ಜಾರಿಕೊಳ್ಳುತ್ತಾರೆ. ನೋಡಲು ಎದುರಾಳಿಗಳಂತೆ ಕಂಡರೂ ಇಬ್ಬರೂ ನಂಬಿರುವುದು ಒಂದನ್ನೇ: ಹಗುರವಾಗಿ ಆಡಿದ ಮಾತಿಗೆ ಬೆಲೆಯೂ ಇಲ್ಲ, ಪರಿಣಾಮವೂ ಇಲ್ಲ. ಈ ನಂಬಿಕೆಯ ದೆಸೆಯಿಂದ ನಾವು ಉಳಿಸಿಕೊಳ್ಳಬೇಕಾದ್ದನ್ನು ಬೈಯುತ್ತಿದ್ದೇವೆ, ತಡೆಯಬೇಕಾದ್ದನ್ನು ಮನ್ನಿಸುತ್ತಿದ್ದೇವೆ ಎಂಬುದು ನನ್ನ ತಕರಾರು.

ಮೊದಲು ಆ ಅಭಿಪ್ರಾಯಕ್ಕೆ ಸಲ್ಲಬೇಕಾದ ನ್ಯಾಯ ಸಲ್ಲಲಿ. ಹಾಗೆನ್ನುವವರಿಗೆ ಗಟ್ಟಿ ಕಾರಣಗಳಿವೆ. ಪುಸ್ತಕಕ್ಕೆ ಪ್ರಕಾಶಕನಿದ್ದಾನೆ, ಪತ್ರಿಕೆಗೆ ಸಂಪಾದಕನಿದ್ದಾನೆ. ತಪ್ಪು ಅಚ್ಚಾದರೆ ಕೇಳಲು ಒಂದು ವಿಳಾಸವಿದೆ. ಈ ಮಾತುಕತೆಯಲ್ಲಿ ಮಾತಾಡುವವನ ಹೆಸರು ನಿಜವೋ ಸುಳ್ಳೋ ತಿಳಿಯದು, ಅವನಿಗೆ ವಿಷಯ ಗೊತ್ತೋ ಇಲ್ಲವೋ ತಿಳಿಯದು. ಒಂದೇ ಪ್ರಶ್ನೆ ವಾರಕ್ಕೊಮ್ಮೆ ಹೊಸದಾಗಿ ಹುಟ್ಟುತ್ತದೆ, ಅದೇ ಜಗಳ ಮತ್ತೆ ಮೊದಲಿನಿಂದ ಆಗುತ್ತದೆ. ಹಿಂದೆ ಜಗಲಿ ಕಟ್ಟೆಯ ಹರಟೆಗೆ ಕತ್ತಲೆಯೋ ಮಳೆಯೋ ಊಟದ ಕರೆಯೋ ಒಂದು ಕೊನೆ ಹಾಕುತ್ತಿತ್ತು. ಇದಕ್ಕೆ ಕೊನೆಯೆಂಬುದಿಲ್ಲ, ರಾತ್ರಿ ಎರಡು ಗಂಟೆಗೂ ಅದು ನಡೆದೇ ಇರುತ್ತದೆ. ಪರೀಕ್ಷೆ ಹತ್ತಿರವಿರುವ ಮಗಳು ಹಾಸಿಗೆಯಲ್ಲಿ ಬೆಳಗುವ ತೆರೆ ಹಿಡಿದು ಮಲಗಿರುವುದನ್ನು ಕಂಡ ತಾಯಿಯ ಆತಂಕವನ್ನು ಹಳೆಯ ಕಾಲದವರ ಗೊಣಗಾಟ ಎಂದು ನಾನು ತಳ್ಳಿಹಾಕಲಾರೆ. ಅವರು ಕಂಡದ್ದು ನಿಜ. ಕಂಡದ್ದರಿಂದ ಅವರು ತೆಗೆಯುವ ತೀರ್ಮಾನದಲ್ಲಿ ಎಡವಟ್ಟಿದೆ.

ಎಡವಟ್ಟು ಮೊದಲಾಗುವುದು ಅಳತೆಗೋಲಿನಲ್ಲಿ. ಒಂದು ಮಾತು ಎಷ್ಟು ಮಾಹಿತಿ ಕೊಟ್ಟಿತು ಎಂಬುದರಿಂದ ಅದನ್ನು ತೂಗುವ ಅಭ್ಯಾಸ ನಮಗೆ ಪಾಠಪುಸ್ತಕಗಳಿಂದ ಬಂದದ್ದು. ಮನುಷ್ಯರು ಮಾತಾಡುವುದರ ಬಹುಭಾಗ ಆ ತಕ್ಕಡಿಗೆ ಬರುವುದೇ ಇಲ್ಲ. ಪೋಲೆಂಡ್ ಮೂಲದ ಮಾನವಶಾಸ್ತ್ರಜ್ಞ ಬ್ರೊನಿಸ್ಲಾವ್ ಮಾಲಿನೋವ್‌ಸ್ಕಿ ಪೆಸಿಫಿಕ್ ಸಾಗರದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಕೆಲಸ ಮಾಡಿ ಬಂದ ಮೇಲೆ, 1923 ರಲ್ಲಿ ಪ್ರಕಟವಾದ ಒಂದು ಪ್ರಬಂಧದಲ್ಲಿ, ವಿಷಯ ತಿಳಿಸುವ ಉದ್ದೇಶವೇ ಇಲ್ಲದ, ಜನರನ್ನು ಜೊತೆಗೂಡಿಸುವುದೇ ಕೆಲಸವಾಗಿರುವ ಮಾತನ್ನು ಭಾಷೆಯ ಒಂದು ಮುಖ್ಯ ಬಳಕೆಯೆಂದು ಗುರುತಿಸಿದ. ದಾರಿಯಲ್ಲಿ ಸಿಕ್ಕವರನ್ನು ಊಟ ಆಯ್ತಾ ಎಂದು ಕೇಳುವ ನಮಗೆ ಇದನ್ನು ಉದಾಹರಣೆ ಕೊಟ್ಟು ವಿವರಿಸಬೇಕಾಗಿಲ್ಲ. ಆದರೆ ಅದೇ ಮಾತು ತೆರೆಯ ಮೇಲೆ ಅಕ್ಷರವಾಗಿ ಬಂದ ಕೂಡಲೇ ನಾವು ತಕ್ಕಡಿ ಬದಲಾಯಿಸುತ್ತೇವೆ: ಇದರಲ್ಲಿ ಏನಿದೆ, ಇದನ್ನೂ ಬರೆಯಬೇಕಿತ್ತೇ ಎನ್ನುತ್ತೇವೆ. ಅಕ್ಷರದಲ್ಲಿದೆ ಎಂದ ಮಾತ್ರಕ್ಕೆ ಅದು ಬರಹವಾಗುವುದಿಲ್ಲ. ಬೆರಳಿನಿಂದ ಆಡುವ ಮಾತು ಅದು, ಮಾತಿನ ಲೆಕ್ಕದಲ್ಲೇ ಅದನ್ನು ನೋಡಬೇಕು.

ಹಾಗೆ ನೋಡಿದಾಗ, ಏನೂ ಇಲ್ಲವೆಂದು ಕಾಣುವ ಮೆಸೇಜುಗಳ ಸಾಲಿನಲ್ಲಿ ಒಂದು ತಿಳಿವಳಿಕೆ ಮೆಲ್ಲಗೆ ಕೂಡಿಬರುವುದು ಗೋಚರಿಸುತ್ತದೆ. ಅದು ವಿಷಯದ ತಿಳಿವಳಿಕೆಯಲ್ಲ, ಮನುಷ್ಯರ ತಿಳಿವಳಿಕೆ. ಒಂದು ಗುಂಪಿನಲ್ಲಿ ಇಡೀ ಐಪಿಎಲ್ ಸೀಸನ್ ವಾದ ಮಾಡಿದವರಿಗೆ ಯಾರು ಕೋಪಿಷ್ಠರು, ಯಾರು ಕಣ್ಣಾರೆ ಕಂಡದ್ದನ್ನೇ ಹೇಳುತ್ತಾರೆ, ಯಾರು ಕೇಳಿದ್ದಕ್ಕೆ ಉಪ್ಪುಖಾರ ಹಚ್ಚುತ್ತಾರೆ, ತಪ್ಪಾದರೆ ಯಾರು ಒಪ್ಪಿಕೊಳ್ಳುತ್ತಾರೆ ಎಂದು ಗೊತ್ತಿರುತ್ತದೆ. ಸೋಲು ಗೆಲುವಿನ ಮಾತಿನಲ್ಲಿ ಈ ಪರೀಕ್ಷೆ ನಡೆಯುವುದು ಒಳ್ಳೆಯದೇ, ಯಾಕೆಂದರೆ ಅಲ್ಲಿ ತಪ್ಪಿದರೆ ನಷ್ಟವಿಲ್ಲ. 2021 ರ ಏಪ್ರಿಲ್-ಮೇ ತಿಂಗಳಲ್ಲಿ ಕೋವಿಡ್‌ನ ಎರಡನೇ ಅಲೆ ಬಂದಾಗ ಬೆಂಗಳೂರಿನಲ್ಲಿ ಆಕ್ಸಿಜನ್ ಸಿಲಿಂಡರಿಗೂ ಐಸಿಯು ಬೆಡ್ಡಿಗೂ ಜನ ವಾಟ್ಸಾಪಿನಲ್ಲಿ, ಟ್ವಿಟರಿನಲ್ಲಿ ಮೊರೆಯಿಟ್ಟರು. ಆಗ ಫೋನ್ ನಂಬರುಗಳಿಗೆ ಬರವಿರಲಿಲ್ಲ. ನೂರಾರು ನಂಬರುಗಳು ಹರಿದಾಡುತ್ತಿದ್ದವು, ಅವುಗಳಲ್ಲಿ ಬಹಳಷ್ಟು ಸ್ವಿಚ್ ಆಫ್ ಆಗಿದ್ದವು, ಕೆಲವು ಮೋಸದವೂ ಇದ್ದವು. ಬರವಿದ್ದದ್ದು, ‘ಈ ನಂಬರಿಗೆ ನಾನೇ ಮಾಡಿ ನೋಡಿದೆ, ಎತ್ತುತ್ತಾರೆ’ ಎಂದವರ ಮಾತು ನಂಬಬಹುದೇ ಎಂಬ ಅಂದಾಜಿಗೆ. ಆ ಅಂದಾಜು ಆಪತ್ತಿನ ದಿನ ಹುಟ್ಟುವಂಥದ್ದಲ್ಲ. ಅದಕ್ಕೂ ಮೊದಲು, ಯಾವ ಕೆಲಸಕ್ಕೂ ಬಾರದ ಮಾತುಗಳ ನಡುವೆ ಅದು ಕೂಡಿಟ್ಟದ್ದಾಗಿರಬೇಕು.

ಇಂಥವರು ನಿಜವಾದ ಸ್ನೇಹಿತರಲ್ಲವಲ್ಲ, ಅರ್ಧಂಬರ್ಧ ಪರಿಚಯದಿಂದ ಏನು ಬಂತು ಎಂಬ ಮಾತಿಗೂ ಉತ್ತರವಿದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973 ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಬಾಸ್ಟನ್ ಬಳಿಯ ಒಂದು ಊರಿನಲ್ಲಿ ಪರಿಚಯಸ್ಥರ ಮೂಲಕ ಹೊಸ ಕೆಲಸ ಹಿಡಿದವರನ್ನು ವಿಚಾರಿಸಿದ ಲೆಕ್ಕ ಕೊಟ್ಟ. ಸುಳಿವು ಕೊಟ್ಟವರನ್ನು ಆಗಾಗ ಭೇಟಿಯಾಗುತ್ತಿದ್ದವರು ಶೇ 16.7 ಮಾತ್ರ, ಆಗೊಮ್ಮೆ ಈಗೊಮ್ಮೆ ನೋಡುತ್ತಿದ್ದವರು ಶೇ 55.6, ನೋಡುವುದೇ ಇಲ್ಲವೆನ್ನುವಷ್ಟು ಕಡಿಮೆ ನೋಡುತ್ತಿದ್ದವರು ಶೇ 27.8. ಕಾರಣ ಸರಳ. ಆಪ್ತರಿಗೆ ಗೊತ್ತಿರುವುದು ಬಹುಮಟ್ಟಿಗೆ ನಮಗೂ ಗೊತ್ತಿರುತ್ತದೆ. ಬೇರೆ ಬಳಗದ ಸುದ್ದಿ ಬೇರೆ ಬಳಗದವರಿಂದಲೇ ಬರಬೇಕು. ಹರಟೆ ಈ ಸಡಿಲ ಎಳೆಗಳನ್ನು ಜೀವಂತವಾಗಿಡುತ್ತದೆ. ಗೇಮ್ ಆಡುವಾಗ ಮಾತ್ರ ಸಿಗುವ ಹುಬ್ಬಳ್ಳಿಯ ಹುಡುಗನಿಗೂ ಮಂಗಳೂರಿನ ಹುಡುಗನಿಗೂ ನಡುವೆ ಬೇರೆ ಯಾವ ಎಳೆಯಿದೆ?

ಇನ್ನು, ಮಾಹಿತಿಯ ತಕ್ಕಡಿಯಲ್ಲೇ ತೂಗೋಣ ಎಂದರೂ ಹರಟೆ ಸೋಲುವುದಿಲ್ಲ. ದಿನನಿತ್ಯ ನೂರು ಕಡೆ ನಡೆಯುವಂಥ ಒಂದು ಮಾತುಕತೆಯನ್ನು ಹತ್ತಿರದಿಂದ ನೋಡಿ. ಒಬ್ಬರು ಕೇಳುತ್ತಾರೆ: ‘ಫೋನ್ ಚಾರ್ಜ್ ಆಗ್ತಾ ಇಲ್ಲ, ಕೇಬಲ್ ಒತ್ತಿ ಹಿಡಿದ್ರೆ ಮಾತ್ರ ಆಗುತ್ತೆ. ಅಂಗಡಿಯವರು ಬೋರ್ಡೇ ಹೋಗಿದೆ ಅಂತಾರೆ.’ ‘ಬೇರೆ ಕೇಬಲ್ ಹಾಕಿ ನೋಡಿದ್ರಾ?’ ‘ಅದೂ ಹಾಗೇ.’ ‘ಹಾಗಾದ್ರೆ ಟಾರ್ಚ್ ಬಿಟ್ಟು ಚಾರ್ಜಿಂಗ್ ತೂತಿನ ಒಳಗೆ ನೋಡಿ. ಪ್ಯಾಂಟ್ ಜೇಬಿನ ನೂಲು, ಧೂಳು ಸೇರಿ ಗಟ್ಟಿಯಾಗಿ ಕೂತಿರುತ್ತೆ. ಸ್ವಿಚ್ ಆಫ್ ಮಾಡಿ, ಹಲ್ಲುಕಡ್ಡಿಯಿಂದ ಮೆಲ್ಲಗೆ ಎಬ್ಬಿಸಿ. ಪಿನ್ನು ಗಿನ್ನು ಹಾಕಬೇಡಿ.’ ಸ್ವಲ್ಪ ಹೊತ್ತಿನ ಮೇಲೆ: ‘ಸರ್, ಬಂತು! ಹತ್ತಿ ಉಂಡೆ ಥರ ಇತ್ತು.’ ತಳದಲ್ಲಿ ನೂಲು ಕೂತರೆ ಕೇಬಲಿನ ತುದಿ ಪೂರ್ತಿ ಒಳಹೋಗುವುದಿಲ್ಲ, ಒತ್ತಿ ಹಿಡಿದಾಗ ಮಾತ್ರ ತಾಗುತ್ತದೆ. ಫೋನ್ ತಯಾರಕರಿಗೆ ಇದು ಗೊತ್ತಿಲ್ಲವೆಂದಲ್ಲ. ಆದರೆ ಪೆಟ್ಟಿಗೆಯೊಂದಿಗೆ ಬರುವ ಪುಟ್ಟ ಪುಸ್ತಕ ಸಾಧನ ಹೇಗೆ ಕೆಲಸ ಮಾಡಬೇಕೆಂದು ಹೇಳುತ್ತದೆ. ಜೇಬಿನಲ್ಲಿ, ಅಡುಗೆಮನೆಯಲ್ಲಿ, ಬಸ್ಸಿನಲ್ಲಿ ಅದು ಹೇಗೆ ಕೆಡುತ್ತದೆ ಎಂಬುದನ್ನು ಬಳಸಿದವರೇ ಹೇಳಬೇಕು. ಈ ಅರಿವು ಲೇಖನವಾಗುವಷ್ಟು ದೊಡ್ಡದಲ್ಲ, ಸಂಶೋಧನೆಗಂತೂ ವಿಷಯವೇ ಅಲ್ಲ. ಇಂಥದ್ದನ್ನು ಹೊತ್ತು ತಿರುಗಲು ಹರಟೆ ಬಿಟ್ಟರೆ ಬೇರೆ ಗಾಡಿಯಿಲ್ಲ.

ಈ ಗಾಡಿ ನಿಂತರೆ ಏನಾಗುತ್ತದೆ ಎಂಬುದು ಒಮ್ಮೆ ಕಂಡಿತು. 2023 ರ ಜೂನ್‌ನಲ್ಲಿ ರೆಡಿಟ್ ಎಂಬ ಚರ್ಚಾತಾಣದ ಕಂಪನಿಯ ಹೊಸ ದರನೀತಿಯನ್ನು ವಿರೋಧಿಸಿ ಅಲ್ಲಿನ ಸಾವಿರಾರು ಚರ್ಚಾಗುಂಪುಗಳು ಕೆಲವು ದಿನ ಬಾಗಿಲು ಹಾಕಿಕೊಂಡವು. ಆಗ ಅಲ್ಲಿ ಎಂದೂ ಮಾತಾಡದವರಿಗೂ ಬಿಸಿ ತಟ್ಟಿತು. ಗೂಗಲಿನಲ್ಲಿ ಏನು ಹುಡುಕಿದರೂ ಜಾಹೀರಾತಿನಂಥ ಲೇಖನಗಳೇ ಸಿಗುತ್ತಿವೆ, ನಿಜವಾಗಿ ಬಳಸಿದವರ ಮಾತು ಸಿಗುತ್ತಿಲ್ಲ ಎಂದು ಜನ ದೂರಿದರು. ಮರುವರ್ಷ ಫೆಬ್ರುವರಿಯಲ್ಲಿ ಗೂಗಲ್ ಇದೇ ಮಾತುಕತೆಯನ್ನು ತನ್ನ ಎಐಗೆ ಕಲಿಸಲು ಬಳಸುವ ಒಪ್ಪಂದ ಮಾಡಿಕೊಂಡಿತು. ಮೊತ್ತ ವರ್ಷಕ್ಕೆ ಸುಮಾರು ಆರು ಕೋಟಿ ಡಾಲರ್ ಎಂದು ವರದಿಯಾಯಿತು. ಬೆಲೆಯಿಲ್ಲದ ಮಾತಿಗೆ ಯಾರೂ ಇಷ್ಟು ಕೊಡುವುದಿಲ್ಲ. ಹಣವೊಂದೇ ಪ್ರಮಾಣವಲ್ಲ ಎನ್ನುವವರು 1991 ರ ಆಗಸ್ಟ್ 25 ನ್ನು ನೆನೆಯಬಹುದು. ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್, ಮಿನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಬಳಸುವವರು ಮಾತಾಡಿಕೊಳ್ಳುತ್ತಿದ್ದ ಒಂದು ಯೂಸ್‌ನೆಟ್ ಚರ್ಚಾಗುಂಪಿನಲ್ಲಿ, ತಾನು ಹವ್ಯಾಸಕ್ಕೆಂದು ಒಂದು ಆಪರೇಟಿಂಗ್ ಸಿಸ್ಟಂ ಮಾಡುತ್ತಿದ್ದೇನೆ, ದೊಡ್ಡದೇನಲ್ಲ, ನಿಮಗೆ ಮಿನಿಕ್ಸ್‌ನಲ್ಲಿ ಏನು ಹಿಡಿಸಿದೆ ಏನು ಹಿಡಿಸಿಲ್ಲ ಹೇಳಿ ಎಂದು ಕೇಳಿದ. ಅದು ಲಿನಕ್ಸ್. ಇವತ್ತಿನ ಆಂಡ್ರಾಯ್ಡ್ ಫೋನುಗಳ ಒಳಗಿರುವುದು ಅದರ ತಿರುಳೇ.

ಕನ್ನಡದ ಮಟ್ಟಿಗೆ ಈ ಮಾತಿಗೆ ಇನ್ನೊಂದು ಮುಖವಿದೆ, ನನಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚುವ ಮುಖ ಅದೇ. ಇಂಗ್ಲಿಷಿನ ಹರಟೆಯ ದೊಡ್ಡ ಪಾಲು ಬಯಲಿನಲ್ಲಿ ನಡೆಯುತ್ತದೆ. ಹತ್ತು ವರ್ಷದ ಹಿಂದೆ ಯಾರೋ ಕೇಳಿದ ಪ್ರಶ್ನೆ, ಯಾರೋ ಕೊಟ್ಟ ಉತ್ತರ ಇಂದು ಹುಡುಕಿದವರಿಗೆ ಸಿಗುತ್ತದೆ. ನಮ್ಮ ಹರಟೆ ಹೆಚ್ಚಾಗಿ ವಾಟ್ಸಾಪ್, ಟೆಲಿಗ್ರಾಂ ಗುಂಪುಗಳ ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತದೆ. ಅಡಿಕೆ ತೋಟಕ್ಕೆ ಹನಿ ನೀರಾವರಿ ಪೈಪು ಹಾಕಿದವರು, ಪಂಪ್‌ಸೆಟ್ಟಿಗೆ ಮೊಬೈಲ್ ಸ್ಟಾರ್ಟರ್ ಕೂರಿಸಿದವರು, ಯುಪಿಐನಲ್ಲಿ ತಪ್ಪು ಖಾತೆಗೆ ಹೋದ ದುಡ್ಡನ್ನು ಓಡಾಡಿ ವಾಪಸು ತರಿಸಿಕೊಂಡವರು ಅಲ್ಲಿ ಹಂತ ಹಂತವಾಗಿ ಹೇಳಿದ್ದು ಮಧ್ಯಾಹ್ನದ ಹೊತ್ತಿಗೆ ಗುಡ್ ಮಾರ್ನಿಂಗ್ ಚಿತ್ರಗಳ ಕೆಳಗೆ ಹೂತುಹೋಗುತ್ತದೆ. ಮಾರನೆ ದಿನ ಪಕ್ಕದ ತಾಲ್ಲೂಕಿನವರಿಗೆ ಅದೇ ತೊಂದರೆ ಬಂದರೆ ಅವರ ಪಾಲಿಗೆ ಆ ಉತ್ತರ ಇಲ್ಲವೇ ಇಲ್ಲ. ಇದಕ್ಕೆ ಆ್ಯಪುಗಳ ರಚನೆ ಒಂದು ಕಾರಣವಾದರೆ, ನಮ್ಮ ತಾತ್ಸಾರ ಇನ್ನೊಂದು. ಉಳಿಸಿಡಲು ಯೋಗ್ಯವಾದ ಕನ್ನಡ ಎಂದರೆ ಕತೆ, ಕವಿತೆ, ಅಂಕಣ, ಭಾಷಣ ಎಂದು ನಾವು ತೀರ್ಮಾನಿಸಿಕೊಂಡಿದ್ದೇವೆ. ಪೈಪಿನ ಮಾತು, ಫೋನಿನ ಮಾತು, ಗೇಮಿನ ಮಾತು ಅದರಲ್ಲಿ ಬರುವುದಿಲ್ಲ. ಇವೆಲ್ಲಕ್ಕೂ ಕನ್ನಡ ಸಾಲದು ಎಂದು ದೂರುವ ವಿದ್ಯಾವಂತರು ಬಹಳ ಮಂದಿ; ಅದೇ ಹೊತ್ತಿನಲ್ಲಿ, ಅಕ್ಷರ ಇಂಗ್ಲಿಷಿನದಾದರೂ ಮಾತು ಕನ್ನಡದ್ದೇ ಆಗಿ, ಆ ಎಲ್ಲ ವಿಷಯಗಳ ಚರ್ಚೆಯೂ ಗುಂಪುಗಳಲ್ಲಿ ಸಲೀಸಾಗಿ ನಡೆದಿರುತ್ತದೆ. ಸಾಲದಿರುವುದು ಭಾಷೆಯಲ್ಲ, ಅದರ ಇಂಥ ಬಳಕೆಗೆ ನಾವು ಕೊಟ್ಟಿರುವ ಜಾಗ.

ಇಷ್ಟರಲ್ಲಿ ಓದುಗರ ಮನಸ್ಸಿನಲ್ಲಿ ಎದುರುವಾದ ಎದ್ದಿರಲೇಬೇಕು. ಹರಟೆಗೆ ಇಷ್ಟೆಲ್ಲ ಶಕ್ತಿಯಿದ್ದರೆ ಅದರ ಕೇಡಿನ ಶಕ್ತಿಗೂ ಅದೇ ಹೊಣೆಯಲ್ಲವೇ? 2012 ರ ಆಗಸ್ಟ್‌ನಲ್ಲಿ ಅಸ್ಸಾಮಿನ ಗಲಭೆಯ ಬೆನ್ನಿಗೆ, ಈಶಾನ್ಯ ರಾಜ್ಯಗಳವರ ಮೇಲೆ ಬೆಂಗಳೂರಿನಲ್ಲಿ ದಾಳಿಯಾಗಲಿದೆ ಎಂಬ ಎಸ್‌ಎಂಎಸ್‌ಗಳು ಹರಿದಾಡಿದವು. ಸಾವಿರಾರು ಜನ ಕೆಲಸ, ಓದು ಎಲ್ಲ ಬಿಟ್ಟು ಗುವಾಹಟಿಯ ವಿಶೇಷ ರೈಲುಗಳನ್ನು ಹತ್ತಿದರು. ಕೇಂದ್ರ ಸರ್ಕಾರ ಹದಿನೈದು ದಿನ ಸಾಮೂಹಿಕ ಎಸ್‌ಎಂಎಸ್‌ಗಳನ್ನು ಐದಕ್ಕೆ ಮಿತಿಗೊಳಿಸಬೇಕಾಯಿತು. 2018 ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಹೈದರಾಬಾದಿನ ಗೆಳೆಯರ ಗುಂಪನ್ನು ಮಕ್ಕಳ ಕಳ್ಳರೆಂದು ಬಗೆದು ಜನ ಹೊಡೆದರು. ಒಬ್ಬ ಯುವಕ ಸತ್ತ. ಅವರ ಕಾರಿಗಿಂತ ಮುಂಚೆ ವಾಟ್ಸಾಪ್ ಆ ಊರನ್ನು ತಲುಪಿತ್ತು. ಈ ಎರಡನ್ನೂ ಮುಂದಿಟ್ಟು, ಹಗುರ ಮಾತಿನ ಗುಣವೇ ಇಷ್ಟು ಎಂದರೆ ಏನು ಹೇಳುವುದು?

ಆ ಎರಡು ಘಟನೆಗಳಲ್ಲಿ ಹರಿದಾಡಿದ್ದು ಏನು ಎಂದು ಸೂಕ್ಷ್ಮವಾಗಿ ನೋಡಬೇಕು ಎನ್ನುತ್ತೇನೆ. ಅಲ್ಲಿ ಓಡಾಡಿದ ಸಂದೇಶಗಳಿಗೆ ಆಡಿದವರೇ ಇರಲಿಲ್ಲ. ‘ಬಂದದ್ದನ್ನು ಕಳಿಸಿದೆ’ ಎಂಬ ಒಂದೇ ಮಾತಿನಿಂದ ಪ್ರತಿಯೊಬ್ಬನೂ ಹಿಂದಿನವನ ಮೇಲೆ ಹೊರಿಸಿ ಕೈತೊಳೆದುಕೊಳ್ಳಬಹುದಾಗಿತ್ತು, ಹಿಂದಿನವನ ಹಿಂದೆ ಯಾರಿದ್ದಾರೆಂದು ಯಾರಿಗೂ ಗೊತ್ತಿರಲಿಲ್ಲ. ಇದು ಹರಟೆಯಲ್ಲ. ಫೋನಿನ ಒಂದೇ ತೆರೆಯ ಮೇಲೆ, ಒಂದೇ ಗುಂಪಿನಲ್ಲಿ, ಒಂದರ ಕೆಳಗೊಂದು ಬರುವುದರಿಂದ ನಾವು ಎರಡನ್ನೂ ಒಂದೇ ಜಾತಿಗೆ ಸೇರಿಸಿದ್ದೇವೆ. ಹರಟೆಯನ್ನೂ ಫಾರ್ವರ್ಡನ್ನೂ ಬೇರೆ ಮಾಡುವ ಲಕ್ಷಣಗಳು ನನಗೆ ಕಂಡಂತೆ ಮೂರು:

1. ಹರಟೆಯಲ್ಲಿ ಮಾತು ಆಡುವವರ ಸ್ವಂತದ್ದು. ‘ನಮ್ಮ ಬೀದಿಯಲ್ಲಿ ಕರೆಂಟಿಲ್ಲ’ ಎಂಬುದು ಎಷ್ಟೇ ಸಣ್ಣ ಮಾತಾದರೂ ಅದರ ಹಿಂದೆ ಕಂಡ ಕಣ್ಣೊಂದಿದೆ.

2. ಹರಟೆಯಲ್ಲಿ ಮರುಪ್ರಶ್ನೆಗೆ ಉತ್ತರಿಸುವವರಿರುತ್ತಾರೆ. ಯಾವ ಬೀದಿ, ಎಷ್ಟೊತ್ತಿಂದ, ನೀವೇ ನೋಡಿದಿರಾ ಎಂದು ಕೇಳಿದರೆ ಉತ್ತರ ಬರುತ್ತದೆ, ಇಲ್ಲವೇ ಮಾತಾಡಿದವರು ಪೇಚಿಗೆ ಸಿಕ್ಕಿಕೊಳ್ಳುತ್ತಾರೆ. ಫಾರ್ವರ್ಡಿಗೆ ಪ್ರಶ್ನೆ ಹಾಕಿದರೆ ಅದು ಗೋಡೆಗೆ ಬಡಿದು ಬರುತ್ತದೆ. ಮಾಹಿತಿಯ ಸತ್ಯಾಸತ್ಯವನ್ನು ಪರಿಶೀಲಿಸುವ ಅತಿ ಹಳೆಯ ಮತ್ತು ಅತಿ ಅಗ್ಗದ ವಿಧಾನ ಈ ಮರುಪ್ರಶ್ನೆಯೇ ಆದ್ದರಿಂದ, ಇದು ಇಲ್ಲವಾದ ಕಡೆ ಸುಳ್ಳಿಗೆ ತಡೆಯಿಲ್ಲ.

3. ತಪ್ಪಾದರೆ, ಆಡಿದ ಜಾಗದಲ್ಲೇ ಹಿಂತೆಗೆದುಕೊಳ್ಳಬಹುದು; ಕೇಳಿದವರೇ ತಿದ್ದುಪಡಿಯನ್ನೂ ಕೇಳುತ್ತಾರೆ.

ಗಂಭೀರ ಮಾತು, ಹಗುರ ಮಾತು ಎಂದು ನಾವು ಎಳೆಯುವ ಗೆರೆ ಹಾಗಾಗಿ ಯಾವ ಪ್ರಯೋಜನಕ್ಕೂ ಬರುವುದಿಲ್ಲ. ಮುರ್ಕಿಯನ್ನು ತಲುಪಿದ ಸಂದೇಶ ಹಗುರದ್ದಾಗಿರಲಿಲ್ಲ. ಮಕ್ಕಳ ರಕ್ಷಣೆ ಎಂಬ ಅತ್ಯಂತ ಗಂಭೀರ ವೇಷದಲ್ಲಿತ್ತು. ಚಾರ್ಜಿಂಗ್ ತೂತಿನ ಮಾತು ಹಗುರದ್ದೇ, ಆದರೆ ಮೇಲಿನ ಮೂರೂ ಲಕ್ಷಣಗಳು ಅದಕ್ಕಿದ್ದವು. ಗೆರೆ ಎಳೆಯಬೇಕಾದದ್ದು ಉತ್ತರಿಸುವವರಿರುವ ಮಾತು ಮತ್ತು ಉತ್ತರಿಸುವವರಿಲ್ಲದ ಮಾತುಗಳ ನಡುವೆ.

ಈ ವಾದಕ್ಕೆ ಬರಬಹುದಾದ ಅತ್ಯಂತ ಬಲವಾದ ಆಕ್ಷೇಪ ಇದು: ಆಡಿದವರಿದ್ದ, ಸ್ವಂತ ಮಾತಿನ ಹರಟೆಯೂ ಅಪಾಯ ಮಾಡಿದ್ದುಂಟು. 2013 ರ ಏಪ್ರಿಲ್ 15 ರಂದು ಬಾಸ್ಟನ್ ಮ್ಯಾರಥಾನಿನಲ್ಲಿ ಬಾಂಬ್ ಸ್ಫೋಟಿಸಿದಾಗ ರೆಡಿಟ್‌ನಲ್ಲಿ ಜನ ಫೋಟೊಗಳನ್ನು ಹೋಲಿಸುತ್ತ ತಪ್ಪಿತಸ್ಥ ಯಾರಿರಬಹುದೆಂದು ಊಹೆ ಕಟ್ಟತೊಡಗಿದರು. ಕಾಣೆಯಾಗಿದ್ದ ಒಬ್ಬ ವಿದ್ಯಾರ್ಥಿಯ ಹೆಸರು ಮುಂದೆ ಬಂತು. ಗಂಟೆಗಳಲ್ಲಿ ಅದು ಟ್ವಿಟರಿಗೆ ಹಾರಿ, ಮಗನನ್ನು ಹುಡುಕುತ್ತಿದ್ದ ಕುಟುಂಬದ ಮೇಲೆ ಬೈಗುಳದ ಮಳೆಯಾಗಿ ಸುರಿಯಿತು. ಆತನಿಗೂ ಸ್ಫೋಟಕ್ಕೂ ಸಂಬಂಧವೇ ಇರಲಿಲ್ಲ. ಕೆಲವು ದಿನಗಳಲ್ಲಿ ಅವನ ಶವ ಸಿಕ್ಕಿತು. ಕಂಪನಿ ಬಹಿರಂಗವಾಗಿ ಕ್ಷಮೆ ಕೇಳಿತು. ಇದನ್ನು ಫಾರ್ವರ್ಡಿನ ಲೆಕ್ಕಕ್ಕೆ ಹಾಕಿ ನಾನು ಪಾರಾಗುವಂತಿಲ್ಲ. ಊಹೆ ಮಾಡಿದವರು ತಮ್ಮ ಮಾತನ್ನೇ ಆಡಿದ್ದರು, ಒಬ್ಬರನ್ನೊಬ್ಬರು ಪ್ರಶ್ನಿಸುತ್ತಲೂ ಇದ್ದರು. ಆದರೆ ಊಹೆ ಊಹೆಯಾಗಿರುವುದು ಅದನ್ನು ಕಟ್ಟಿದವರ ನಡುವೆ ಮಾತ್ರ. ‘ಇರಬಹುದೇನೋ’ ಎಂಬ ಬಾಲ ಕಳಚಿ ಹೆಸರು ಮಾತ್ರ ಹೊರಗೆ ಹೋಯಿತು. ಜಗಲಿಯ ಮಾತು ಜಗಲಿ ದಾಟುವಾಗ ಮಸುಕಾಗುತ್ತಿತ್ತು, ‘ಯಾರೋ ಹೇಳುತ್ತಿದ್ದರಪ್ಪ’ ಎಂದಾಗಿ ಅದರ ಬಲ ಕುಗ್ಗುತ್ತಿತ್ತು. ತೆರೆಯ ಮೇಲಿನ ಮಾತು ಸ್ಕ್ರೀನ್‌ಶಾಟಿನಲ್ಲಿ ಅಷ್ಟೇ ಖಡಕ್ಕಾಗಿ ಉಳಿದು, ಸಂದರ್ಭವೊಂದನ್ನೇ ಕಳೆದುಕೊಳ್ಳುತ್ತದೆ. ಮನುಷ್ಯರಷ್ಟೇ ಅಲ್ಲ, ಯಂತ್ರಗಳೂ ಇದರಲ್ಲಿ ಎಡವುತ್ತವೆ. 2024 ರ ಮೇ ತಿಂಗಳಲ್ಲಿ, ಪಿಜ್ಜಾದ ಮೇಲೆ ಚೀಸ್ ನಿಲ್ಲುತ್ತಿಲ್ಲ ಎಂದು ಕೇಳಿದವರಿಗೆ ಗೂಗಲಿನ ಎಐ, ಸಾಸಿಗೆ ಸ್ವಲ್ಪ ಅಂಟು ಬೆರೆಸಿ ಎಂಬ ಸಲಹೆ ಕೊಟ್ಟಿತು. ಹುಡುಕಿದಾಗ ಅದರ ಮೂಲ ಹನ್ನೊಂದು ವರ್ಷ ಹಿಂದೆ ರೆಡಿಟ್‌ನಲ್ಲಿ ಯಾರೋ ಮಾಡಿದ್ದ ತಮಾಷೆಯಾಗಿತ್ತು. ಅಂದು ಓದಿದವರಿಗೆ ಅದು ತಮಾಷೆ ಎಂಬ ಬಗ್ಗೆ ಸಂದೇಹವೇ ಇದ್ದಿರಲಾರದು.

ಹೀಗಾಗಿ ಆಕ್ಷೇಪದ ಅರ್ಧವನ್ನು ನಾನು ಒಪ್ಪುತ್ತೇನೆ. ಬೇರೆ ವಿಷಯಗಳಲ್ಲಿ ಸಾಕಾಗುವ ಆ ಮೂರು ಲಕ್ಷಣಗಳು, ಒಬ್ಬ ವ್ಯಕ್ತಿಯ ಹೆಸರೋ ಮುಖವೋ ಮಾತಿನೊಳಗೆ ಬಂದಾಗ ಸಾಲವು. ಯಾಕೆಂದರೆ ಆಗ ತಿದ್ದುಪಡಿ ಮೂಲಮಾತಿನ ಹಿಂದೆ ಓಡಿ ಎಂದೂ ಅದನ್ನು ಹಿಡಿಯಲಾರದು. ಫೋನಿನ ಬಗ್ಗೆ ತಪ್ಪು ಸಲಹೆ ಕೊಟ್ಟರೆ ನಾಳೆ ಸರಿಪಡಿಸಬಹುದು, ಮನುಷ್ಯನ ಮೇಲೆ ಹೊರಿಸಿದ ಕಳಂಕವನ್ನು ಹಾಗೆ ಮಾಡಲಾಗದು. ಸಾಧನ, ಆಟ, ಹವಾಮಾನ, ಸಿನಿಮಾ ಇವುಗಳ ಬಗ್ಗೆ ಊಹೆ ಎಷ್ಟಾದರೂ ಹರಿಯಲಿ. ಗುರುತಿಸಬಹುದಾದ ವ್ಯಕ್ತಿ ತಪ್ಪು ಮಾಡಿದ್ದಾನೆಂಬ ಊಹೆ ಹರಟೆಯ ಸರಕಲ್ಲ. ಈ ಒಂದು ಬೇಲಿ ಹರಟೆಯ ಸ್ವಾತಂತ್ರ್ಯದಿಂದ ಏನನ್ನೂ ಕಿತ್ತುಕೊಳ್ಳುವುದಿಲ್ಲವೆಂದು ನನ್ನ ನಂಬಿಕೆ.

ಬೇಲಿ ಎಂದೊಡನೆ ಕಾನೂನು ನೆನಪಾಗುತ್ತದೆ, ಅದು ಅಪಾಯದ ಜಾಡು. 2012 ರ ನವೆಂಬರಿನಲ್ಲಿ ಬಾಳ್ ಠಾಕ್ರೆ ತೀರಿಕೊಂಡಾಗ ಮುಂಬೈ ಬಂದ್ ಆದದ್ದನ್ನು ಪ್ರಶ್ನಿಸಿ ಫೇಸ್‌ಬುಕ್‌ನಲ್ಲಿ ಬರೆದ ಪಾಲ್ಘರ್‌ನ ಯುವತಿಯನ್ನೂ, ಅದನ್ನು ಲೈಕ್ ಮಾಡಿದ ಗೆಳತಿಯನ್ನೂ ಪೊಲೀಸರು ಬಂಧಿಸಿದರು. ಇಂಥ ಬಂಧನಗಳಿಗೆ ಬಳಕೆಯಾದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ನನ್ನು ಸುಪ್ರೀಂ ಕೋರ್ಟ್ 2015 ರ ಮಾರ್ಚ್ 24 ರಂದು, ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ರದ್ದು ಮಾಡಿತು. ಗುಂಪಿನಲ್ಲಿ ಸದಸ್ಯರು ಹಾಕಿದ್ದಕ್ಕೆಲ್ಲ ಅಡ್ಮಿನ್ ಅಪರಾಧಿಯಾಗುವುದಿಲ್ಲ ಎಂದು ಕೇರಳ ಹೈಕೋರ್ಟ್ 2022 ರಲ್ಲಿ ಹೇಳಿತು. ಎರಡೂ ಸರಿಯಾದ ತೀರ್ಪುಗಳು. ‘ಕಿರಿಕಿರಿ’ ಉಂಟುಮಾಡುವ ಮಾತನ್ನೂ ಶಿಕ್ಷಿಸಬಹುದೆಂದ 66ಎ, ಹರಟೆಯ ಪ್ರತಿ ಸಾಲನ್ನೂ ಅಚ್ಚಾದ ಪ್ರಕಟಣೆಯಂತೆ ತೂಗಿತು. ತಾತ್ಸಾರ ಮಾಡುವವರ ತಪ್ಪಿಗೆ ಇದು ತದ್ವಿರುದ್ಧ ಕೊನೆಯಲ್ಲಿದ್ದರೂ ಮೂಲ ಒಂದೇ, ಮಾತನ್ನು ಮಾತಾಗಿ ನೋಡದಿರುವುದು. ನಾನು ಕೇಳುತ್ತಿರುವುದು ಪೊಲೀಸು ಹೊರಿಸುವ ಹೊಣೆಯನ್ನಲ್ಲ, ಮಾತಿನ ಜೊತೆಗೇ ಹುಟ್ಟುವ ಹೊಣೆಯನ್ನು: ಕೇಳಿದರೆ ಉತ್ತರಿಸುವುದು, ತಪ್ಪಿದರೆ ತಿದ್ದುವುದು.

ಎಲ್ಲವನ್ನೂ ಕಂಪನಿಗಳೇ ಕೆಡಿಸಿರುವಾಗ ಮಾತಾಡುವ ಜನರನ್ನು ಯಾಕೆ ತಿದ್ದಬೇಕು ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. 2018 ರ ಜುಲೈನಲ್ಲಿ ವಾಟ್ಸಾಪ್ ಭಾರತದಲ್ಲಿ ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ಫಾರ್ವರ್ಡ್ ಮಾಡದಂತೆ ಮಿತಿ ತಂದಿತು. 2020 ರ ಏಪ್ರಿಲ್‌ನಲ್ಲಿ, ಅನೇಕ ಬಾರಿ ದಾಟಿಬಂದ ಸಂದೇಶವನ್ನು ಒಮ್ಮೆಗೆ ಒಂದು ಕಡೆಗಷ್ಟೇ ಕಳಿಸುವಂತೆ ಮಾಡಿದ ಮೇಲೆ ಅಂಥ ಸಂದೇಶಗಳ ಓಡಾಟ ಶೇ 70 ರಷ್ಟು ಇಳಿಯಿತೆಂದು ಕಂಪನಿಯೇ ಹೇಳಿತು. ಒಂದು ಗುಂಡಿಯ ಬದಲಾವಣೆಯಿಂದ ಇಷ್ಟು ಸಾಧ್ಯವಿದ್ದರೆ, ಅದಕ್ಕೂ ಮೊದಲಿನ ಅನಾಹುತದಲ್ಲಿ ಆ ಗುಂಡಿಗೂ ಪಾಲಿದೆ. ಈ ಉದಾಹರಣೆ ನನ್ನ ಗೆರೆಯನ್ನು ಇನ್ನಷ್ಟು ಸ್ಪಷ್ಟಗೊಳಿಸುತ್ತದೆ ಅಷ್ಟೆ: ಮಿತಿ ಬಿದ್ದದ್ದು ಫಾರ್ವರ್ಡಿಗೆ, ಅದರಿಂದ ಯಾರ ಹರಟೆಯೂ ಒಂದು ಸಾಲು ಕಡಿಮೆಯಾಗಲಿಲ್ಲ. ಹೊತ್ತು ದಂಡವಾಗುವ ಪ್ರಶ್ನೆಗೂ ಇದೇ ಗೆರೆಯನ್ನು ಹಿಡಿಯಬಹುದು. ರಾತ್ರಿಯಿಡೀ ಬೆರಳಿನಿಂದ ತೆರೆ ತಳ್ಳುತ್ತ, ಯಾರೋ ಅಪರಿಚಿತರ ವಿಡಿಯೊಗಳನ್ನು ಒಂದಾದ ಮೇಲೊಂದು ನೋಡುತ್ತ ಹೋಗುವವರು ಯಾರ ಜೊತೆಗೂ ಮಾತಾಡುತ್ತಿಲ್ಲ. ತಾಯಿಯ ಆತಂಕ ನ್ಯಾಯವಾದದ್ದು, ಆದರೆ ಮಗಳಿಂದ ಮೊದಲು ಕಸಿದುಕೊಳ್ಳುವುದು ಗೆಳತಿಯರ ಗುಂಪನ್ನಾದರೆ, ಆ ತೆರೆಯ ಮೇಲೆ ಮರುಪ್ರಶ್ನೆ ಕೇಳುವವರಿದ್ದ ಒಂದೇ ಜಾಗ ಹೋದಂತೆ.

ಹೊಣೆ ಬಂದ ಮೇಲೆ ಹರಟೆ ಹರಟೆಯಾಗಿ ಉಳಿಯುತ್ತದೆಯೇ, ಪ್ರತಿ ಮಾತಿಗೂ ಹಿಂದೆಮುಂದೆ ನೋಡಿದರೆ ಅದರ ಸೊಗಸೇ ಹೋಗುವುದಿಲ್ಲವೇ ಎಂಬುದು ಉಳಿದಿರುವ ಪ್ರಶ್ನೆ. 1982 ರ ಸೆಪ್ಟೆಂಬರಿನಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಫಲಕದಲ್ಲಿ ಇದೇ ತೊಡಕು ಎದುರಾಗಿತ್ತು. ಬೀಳುತ್ತಿರುವ ಲಿಫ್ಟಿನೊಳಗೆ ಪಾದರಸದ ಹನಿ ಏನಾಗುತ್ತದೆ ಎಂದು ಹರಟುತ್ತಿದ್ದವರಲ್ಲಿ ಒಬ್ಬರು, ಪ್ರಯೋಗದಿಂದ ಒಂದು ಲಿಫ್ಟಿನಲ್ಲಿ ಪಾದರಸ ಚೆಲ್ಲಿದೆ, ಎಚ್ಚರಿಕೆ ಎಂದು ತಮಾಷೆಗೆ ಬರೆದರು. ಹಿಂದಿನ ಮಾತು ಓದದ ಕೆಲವರು ಅದನ್ನು ನಿಜವೆಂದೇ ನಂಬಿದರು. ಆಗ ಅವರು ತಮಾಷೆಯನ್ನು ನಿಷೇಧಿಸಲಿಲ್ಲ, ‘ಓದಿ ನಂಬಿದವರದೇ ತಪ್ಪು’ ಎಂದು ಕೈಕೊಡವಲೂ ಇಲ್ಲ. ತಮಾಷೆಯನ್ನು ಗುರುತಿಸಲು ಯಾವ ಚಿಹ್ನೆ ಹಾಕೋಣ ಎಂದು ಅಲ್ಲೇ ಚರ್ಚೆಗಿಳಿದರು. ನಕ್ಷತ್ರ ಚಿಹ್ನೆ, ಶೇಕಡಾ ಚಿಹ್ನೆ ಎಂದೆಲ್ಲ ಸಲಹೆಗಳು ಬಂದವು. ಸೆಪ್ಟೆಂಬರ್ 19 ರಂದು ಸ್ಕಾಟ್ ಫಾಲ್ಮನ್ ಒಂದು ಕೋಲನ್, ಒಂದು ಅಡ್ಡಗೆರೆ, ಒಂದು ಕಂಸ ಜೋಡಿಸಿ ನಗುಮುಖ ಮಾಡಿ, ಪಕ್ಕಕ್ಕೆ ತಲೆ ವಾಲಿಸಿ ನೋಡಿ ಎಂದು ಬರೆದರು. ತಮಾಷೆಯೂ ಉಳಿಯಿತು, ಲಿಫ್ಟಿನ ಭಯವೂ ತಪ್ಪಿತು. ನಮ್ಮ ಗುಂಪುಗಳಲ್ಲಿ ‘ಬಂದದ್ದನ್ನು ಕಳಿಸಿದೆ’ ಎಂಬ ಮಾತಿನ ಜಾಗದಲ್ಲಿ ‘ನಾನು ನೋಡಿಲ್ಲ, ಇಂಥವರು ಹೇಳಿದ್ದು’ ಎಂಬ ಮಾತು ವಾಡಿಕೆಗೆ ಬರಲು ಅದಕ್ಕಿಂತ ಹೆಚ್ಚು ಶ್ರಮ ಬೇಕಾಗಿಲ್ಲ. ಒಬ್ಬ ಅಡ್ಮಿನ್ ಒಂದು ವಾರ ಪಟ್ಟು ಹಿಡಿದು ‘ನೀವೇ ನೋಡಿದಿರಾ?’ ಎಂದು ಕೇಳುತ್ತಿದ್ದರೆ ಸಾಕು. ಕ್ರಿಕೆಟಿನ ಜಗಳ, ಫೋನಿನ ಗೋಳು, ಟೊಮೆಟೊ ರೇಟು ಇವುಗಳಿಗೆ ಅದರಿಂದ ಯಾವ ಅಡ್ಡಿಯೂ ಆಗದು.